ಏಪ್ರಿಲ್‌ನಲ್ಲಿ ಸ್ವೆಟರ್

ಏಪ್ರಿಲ್‌ನಲ್ಲಿ ದಾವಣಗೆರೆ ಬಿಸಿಲು ಹೇಗಿರುತ್ತೆ ಗೊತ್ತಲ್ವಾ? ಅಂಥ ಒಂದು ಮಧ್ಯಾಹ್ನ ನಮ್ಮ ಬಟ್ಟೆ ಅಂಗಡಿಯ ಎರಡನೇ ಮಹಡಿಯಲ್ಲಿ ಸೀರೆ ಕೌಂಟರಿನ ಹುಡುಗಿ ಸ್ವೆಟರ್ ಹಾಕಿಕೊಂಡು ನಿಂತಿದ್ದಳು. "ಅಣ್ಣಾ, ಥಂಡಿಗೆ ಕೈ ಮರಗಟ್ಟೈತಿ, ಸೀರೆ ಮಡಚಾಕ ಬರವಲ್ದು" ಅಂದಳು.

ಈ ನಾಲ್ಕು ಮಹಡಿಯ ಕರೆಂಟು, ಎಸಿ ನೋಡಿಕೊಳ್ಳುವವನು ನಾನು. ಹೋದ ವರ್ಷ ಪ್ರತಿ ಮಹಡಿಯ ಎಎಚ್‌ಯುಗೂ, ಅಂದರೆ ಗಾಳಿಯನ್ನು ತಣ್ಣೀರಿನಿಂದ ತಂಪು ಮಾಡಿ ಫ್ಯಾನಿನಿಂದ ಮಹಡಿಗೆ ತಳ್ಳುವ ಯಂತ್ರಕ್ಕೂ, ಡಿಜಿಟಲ್ ಕಂಟ್ರೋಲರ್ ಹಾಕಿಸಿದೆವು. ಗೋಡೆಯ ಸೆನ್ಸರ್ ಎಷ್ಟು ಡಿಗ್ರಿ ಅಂತ ಹೇಳುತ್ತದೆ. ನಾವು ಸೆಟ್ ಮಾಡಿದ್ದು 24. ಎರಡನ್ನೂ ನೋಡಿ ಕಂಟ್ರೋಲರ್ ತಣ್ಣೀರಿನ ವಾಲ್ವನ್ನು ಬೇಕಾದಷ್ಟೇ ತೆರೆಯುತ್ತದೆ, ವಿಎಫ್‌ಡಿ (ಮೋಟಾರಿಗೆ ಹೋಗುವ ಕರೆಂಟಿನ ಹರ್ಟ್ಸ್ ಬದಲಿಸುವ ಸಾಧನ) ಮೂಲಕ ಫ್ಯಾನಿನ ವೇಗ ಏರಿಸಿ ಇಳಿಸುತ್ತದೆ. ಈ ಫ್ಯಾನಿನಲ್ಲೇ ಉಳಿತಾಯ ಜಾಸ್ತಿ. 50 ಹರ್ಟ್ಸ್‌ನಿಂದ 40ಕ್ಕೆ ಇಳಿದರೆ ಗಾಳಿ ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಅಷ್ಟೇ. ಪವರ್ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ನನಗೆ ಇದು ಈಗಲೂ ಸೋಜಿಗ.

ಆದರೆ ಎರಡನೇ ಮಹಡಿಯ ಫ್ಯಾನು ಊಟದ ಹೊತ್ತು ದಾಟಿದರೆ 50 ಬಿಟ್ಟು ಇಳಿಯುತ್ತಲೇ ಇರಲಿಲ್ಲ. ಪ್ಯಾನಲ್‌ನಲ್ಲಿ 29 ಅಂತ ಬರುತ್ತಿತ್ತು. ಕೌಂಟರ್ ಹತ್ತಿರ ನನ್ನ ಥರ್ಮಾಮೀಟರ್ ಹಿಡಿದರೆ 20. ಪ್ರೋಗ್ರಾಂ ತಪ್ಪಿರಬೇಕು ಅಂತ ಎರಡು ದಿನ ಅದನ್ನೇ ಕೆದಕಿದೆ. ಮೂರನೇ ದಿನ ನಾಲ್ಕು ಗಂಟೆಗೆ ಸೆನ್ಸರ್ ಎದುರು ನಿಂತಿದ್ದೆ. ಕತ್ತು ಸುಡತೊಡಗಿತು. ತಿರುಗಿ ನೋಡಿದರೆ ಪಡುವಣ ದಿಕ್ಕಿನ ಗಾಜಿನಿಂದ ಬಿಸಿಲು ನೇರವಾಗಿ ಆ ಬಿಳಿ ಡಬ್ಬಿಯ ಮೇಲೆ ಬೀಳುತ್ತಿದೆ! ಮುಟ್ಟಿದೆ, ಬೆಚ್ಚಗಿತ್ತು. ಪಾಪ, ಕಂಟ್ರೋಲರ್‌ಗೆ ಗೊತ್ತಿದ್ದದ್ದು ಆ ಡಬ್ಬಿ ಹೇಳಿದ್ದಷ್ಟೇ.

ಡಕ್ಟ್‌ಗೆ ಹಾಕುವ ಸೆನ್ಸರ್ ತಂದು, ಗಾಳಿ ವಾಪಸ್ ಬರುವ ಡಕ್ಟ್ ಒಳಗೆ ಕೂರಿಸಿದೆ. ಇಡೀ ಮಹಡಿಯ ಗಾಳಿ ಬೆರೆತು ಬರುವ ಜಾಗ ಅದು. ಆಮೇಲೆ ಪ್ಯಾನಲ್ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ವಾಲ್ವ್ ನಿಧಾನವಾಗಿ ಮುಚ್ಚತೊಡಗಿತು. ಫ್ಯಾನು 46ಕ್ಕೆ ಬಂತು, ಆಮೇಲೆ 42, ಆಮೇಲೆ 38. ಮೋಟಾರಿನ ಸದ್ದು ತಗ್ಗಿ, ಕೌಂಟರಿನಲ್ಲಿ ಮಾತಾಡುವವರ ದನಿ ಕೇಳತೊಡಗಿತು. ನನಗಂತೂ ತುಂಬಾ ಖುಷಿಯಾಯಿತು.

ಕಂಟ್ರೋಲರ್ ಮಾರುವವರು ಸ್ಕ್ರೀನು, ಗ್ರಾಫು ಚೆನ್ನಾಗಿ ತೋರಿಸುತ್ತಾರೆ. ನೀವು ಹಾಕಿಸುವುದಾದರೆ ಗೋಡೆಗೆ ಡ್ರಿಲ್ ಇಡುವ ಮುಂಚೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಆ ಜಾಗದಲ್ಲಿ ನಿಂತು ನೋಡಿ.

ನಮ್ಮ ಮೂರನೇ ಮಹಡಿಯ ಸೆನ್ಸರ್ ಒಂದು ದೊಡ್ಡ ದೀಪದ ಪಕ್ಕದಲ್ಲೇ ಇದೆ. ಭಾನುವಾರ ಅಂಗಡಿ ಬಾಗಿಲು ತೆರೆಯೋ ಮುಂಚೆ ಏಣಿ ಹಾಕುತ್ತೇನೆ.