ಮೊದಲ ಪರಮಪ್ರಸಾದದ ಬೆಳಗ್ಗೆ

ಕಥೋಲಿಕ ಮಕ್ಕಳು ಪರಮಪ್ರಸಾದವನ್ನು, ಅಂದರೆ ಕ್ರಿಸ್ತರ ಶರೀರವೆಂದು ನಂಬಿ ಸ್ವೀಕರಿಸುವ ಅರ್ಪಿತ ರೊಟ್ಟಿಯನ್ನು, ಮೊದಲ ಸಲ ಪಡೆಯುವ ದಿನದ ಬಲಿಪೂಜೆ (ಮಾಸ್) ಹತ್ತು ಗಂಟೆಗೆ ಎಂದಾದರೆ ಚರ್ಚಿನ ಬಾಗಿಲಲ್ಲಿ ಒಂಬತ್ತೂಕಾಲಿಗೇ ಒಬ್ಬ ಟೀಚರ್ ನಿಂತಿರಬೇಕು. ಎಲ್ಲರಿಗಿಂತ ಮೊದಲು ಬರುವ ಮಗು ಸಾಮಾನ್ಯವಾಗಿ ಹೆದರಿದ ಮಗು. ಬಿಳಿ ಬಟ್ಟೆ ಕೊಳೆಯಾದೀತೆಂದು ಎಲ್ಲೂ ಕೂರುವುದಿಲ್ಲ, ಹೊಸ ಷೂ ಜಾರುತ್ತದೆಂದು ಗೋಡೆ ಬಿಡುವುದಿಲ್ಲ, ಅಮ್ಮನ ಮುಖವನ್ನೇ ನೋಡುತ್ತಿರುತ್ತದೆ. ಹೆಸರು ಹಿಡಿದು ಕರೆದು, "ಬಾ, ನಿನ್ನ ಜಾಗ ಇಲ್ಲಿದೆ, ಅಪ್ಪ ಅಮ್ಮ ಪಕ್ಕದಲ್ಲೇ ಕೂರುತ್ತಾರೆ" ಎಂದರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ಆ 'ಪಕ್ಕದಲ್ಲೇ' ಎಂಬ ಮಾತು ತುಂಬ ಮುಖ್ಯ. ಇದಕ್ಕೆ ಮಕ್ಕಳನ್ನು ಸಿದ್ಧಪಡಿಸುವ ಅನೇಕ ಶಾಲೆಗಳು ಅವರನ್ನೆಲ್ಲ ಮುಂದಿನ ಬೆಂಚುಗಳಲ್ಲಿ ಸಾಲಾಗಿ ಕೂರಿಸಿ, ಮನೆಯವರನ್ನು ಹಿಂದಕ್ಕೆ ಕಳಿಸುತ್ತವೆ. ನೋಡಲು ಚೆಂದ, ಫೋಟೋಗೂ ಅನುಕೂಲ. ಆದರೆ ಏಳೆಂಟು ವರ್ಷದ ಮೂವತ್ತು ಮಕ್ಕಳು ಒತ್ತಟ್ಟಿಗೆ ಕೂತರೆ ಬಲಿಪೀಠದ ಕಡೆ ಯಾರ ಗಮನವೂ ಇರುವುದಿಲ್ಲ. ಒಬ್ಬನಿಗೆ ಕೆಮ್ಮು ಬಂದರೆ ಸಾಲಿಗೆ ಸಾಲೇ ನಗುತ್ತದೆ. ಒಬ್ಬಳು ಅತ್ತರೆ ಕಣ್ಣೊರೆಸುವವರು ಹತ್ತು ಬೆಂಚು ಹಿಂದಿರುತ್ತಾರೆ. ಮನೆಗೊಂದು ಬೆಂಚು ಕೊಟ್ಟು, ಮಗುವನ್ನು ನಡುಹಾದಿಯ ತುದಿಗೆ ಕೂರಿಸಿದರೆ ಇಷ್ಟೂ ತಪ್ಪುತ್ತದೆ. ಮೂವತ್ತು ಮಕ್ಕಳಿಗೆ ಮೂವತ್ತು ಬೆಂಚು, ಎಡಕ್ಕೆ ಹದಿನೈದು, ಬಲಕ್ಕೆ ಹದಿನೈದು. ಬೆಂಚಿಗೆ ಆರು ಜನ ಹಿಡಿಸಿದರೆ ಉಳಿದ ನೆಂಟರು ಹಿಂದೆ ಕೂರಬೇಕಾಗುತ್ತದೆ ಎಂದು ತಿಂಗಳ ಮೊದಲೇ ಚೀಟಿ ಕಳಿಸಬೇಕು; ಬಾಗಿಲಲ್ಲಿ ಹೇಳಿದರೆ ಮನಸ್ತಾಪವಾಗುತ್ತದೆ. ಅಷ್ಟು ಬೆಂಚುಗಳಿಲ್ಲದ ಚರ್ಚಾದರೆ ಎರಡು ಭಾನುವಾರ ಮಾಡುವುದು ಮೇಲು.

ಇದು ಬರೀ ಕೂರಿಸುವ ಲೆಕ್ಕವಲ್ಲ. ಕಥೋಲಿಕ ಧರ್ಮಸಭೆಯ ನಿಯಮಗಳ ಪುಸ್ತಕವಾದ 1983ರ ಕ್ಯಾನನ್ ಕಾನೂನು ಸಂಹಿತೆಯ 914ನೇ ವಿಧಿ ತೆರೆದು ನೋಡಿದರೆ, ಮಗುವನ್ನು ಪರಮಪ್ರಸಾದಕ್ಕೆ ಸಿದ್ಧಪಡಿಸುವ ಹೊಣೆ ಮೊದಲು ತಂದೆತಾಯಿಯದು ಅಥವಾ ಅವರ ಸ್ಥಾನದಲ್ಲಿರುವವರದು, ಜೊತೆಗೆ ಧರ್ಮಕೇಂದ್ರದ ಗುರುಗಳದು, ಅಂದರೆ ಚರ್ಚಿನ ಪಾದ್ರಿಗಳದು ಎಂದಿದೆ. ಶಾಲೆಯ ಹೆಸರು ಅಲ್ಲಿ ಬರುವುದೇ ಇಲ್ಲ. ಶಾಲೆ ಮನೆಗೆ ನೆರವಾಗುವುದು, ಅಷ್ಟೇ. ಇದನ್ನು ಮರೆತು ಎಲ್ಲವನ್ನೂ ತಾನೇ ಹೊತ್ತುಕೊಂಡ ಶಾಲೆಯಲ್ಲಿ ಕಾರ್ಯಕ್ರಮ ಅಚ್ಚುಕಟ್ಟಾಗಿ ನಡೆಯುತ್ತದೆ, ಮುಂದಿನ ಭಾನುವಾರ ಬೆಂಚುಗಳು ಖಾಲಿ ಇರುತ್ತವೆ.

ಹಾಗಾಗಿ ವರ್ಷದ ಮೊದಲ ಕೆಲಸ ಪೋಷಕರ ಸಭೆ. ಮೂರು ಸಭೆ ಸಾಕು, ಆದರೆ ಪ್ರತಿಯೊಂದನ್ನೂ ಎರಡು ಸಲ ನಡೆಸಬೇಕು, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಪಾಳಿಯಲ್ಲಿ ದುಡಿಯುವ ತಂದೆ, ಕೈಗೂಸು ಬಿಟ್ಟು ಬರಲಾಗದ ತಾಯಿ ಸಭೆಗೆ ಬಾರದಿದ್ದರೆ ಅದು ಅಸಡ್ಡೆ ಎಂದು ತೀರ್ಮಾನಿಸುವುದು ಅನ್ಯಾಯ. ಮೊದಲ ಸಭೆಯಲ್ಲೇ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಪ್ರಮಾಣಪತ್ರ ಕೇಳಬೇಕು. ಬಹುತೇಕ ಎಡವಟ್ಟುಗಳು ಹುಟ್ಟುವುದು ಈ ಕಾಗದ ತಡವಾಗಿ ಬಂದಾಗ. ಮೂರು ವಾರ ಉಳಿದಿರುವಾಗ, ಮಗುವಿಗೆ ದೀಕ್ಷಾಸ್ನಾನವೇ ಆಗಿಲ್ಲ ಎಂದು ತಿಳಿಯುತ್ತದೆ. ವಿವೇಕದ ವಯಸ್ಸು, ಅಂದರೆ ಸುಮಾರು ಏಳು ವರ್ಷ ದಾಟಿದ ಮಗುವನ್ನು ದೀಕ್ಷಾಸ್ನಾನದ ವಿಷಯದಲ್ಲಿ ಕಾನೂನು ವಯಸ್ಕರ ಸಾಲಿಗೇ ಸೇರಿಸುತ್ತದೆ. ಅದಕ್ಕೆ ಬೇರೆ ತಯಾರಿ ಬೇಕು, ಸಮಯ ಬೇಕು. ಹಿಂದಿನ ಶನಿವಾರ ತಲೆಗೆ ನೀರು ಹಾಕಿ ಭಾನುವಾರ ಸಾಲಿಗೆ ಸೇರಿಸಿಬಿಡುವಂತಿಲ್ಲ. ಇನ್ನೊಂದು ಸಂಗತಿಯೂ ಇದೇ ಕಾಗದದಲ್ಲಿ ಸಿಗುತ್ತದೆ. ಪೂರ್ವ ದೇಶಗಳ ಕಥೋಲಿಕ ಧರ್ಮಸಭೆಗಳ ಸಂಪ್ರದಾಯದಲ್ಲಿ ದೀಕ್ಷಾಸ್ನಾನದ ಜೊತೆಗೇ ಅಭ್ಯಂಜನವನ್ನೂ (ಪವಿತ್ರ ತೈಲ ಹಚ್ಚುವ ಸಂಸ್ಕಾರ) ಪರಮಪ್ರಸಾದವನ್ನೂ ಕೂಸಿಗೇ ಕೊಡುವುದುಂಟು. ಹಾಗೆ ಪಡೆದ ಮಗುವಿಗೆ ಇದು 'ಮೊದಲ' ಪರಮಪ್ರಸಾದ ಆಗುವುದಿಲ್ಲ. ತರಗತಿಯ ಸಂಭ್ರಮದಲ್ಲಿ ಅದೂ ಸೇರಲಿ, ಆದರೆ ದಾಖಲೆಯಲ್ಲಿ ತಪ್ಪು ಬರೆಯಬಾರದು.

ಅದೇ ಸಭೆಯಲ್ಲಿ ಕೊಡುವ ಅರ್ಜಿಯಲ್ಲಿ ಒಂದು ಪ್ರಶ್ನೆ ಕಡ್ಡಾಯ: ಮಗುವಿಗೆ ಗೋಧಿ ಆಗುವುದಿಲ್ಲವೇ? ಪರಮಪ್ರಸಾದದ ರೊಟ್ಟಿಯಲ್ಲಿ ಇರುವುದು ಗೋಧಿಹಿಟ್ಟು ಮತ್ತು ನೀರು ಮಾತ್ರ. ಗೋಧಿಗೆ ಅಂಟು ಕೊಡುವ ಗ್ಲುಟೆನ್ ಪೂರ್ತಿ ತೆಗೆದ ರೊಟ್ಟಿಯನ್ನು ಧರ್ಮಸಭೆ ಒಪ್ಪುವುದಿಲ್ಲ. ತೀರಾ ಕಡಿಮೆ ಗ್ಲುಟೆನ್ ಇರುವುದನ್ನು ಒಪ್ಪುತ್ತದೆ. ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯ ಮಗುವಿಗೆ ವೈದ್ಯರು ಒಪ್ಪಿದರೆ ಆ ರೊಟ್ಟಿ ತರಿಸಿ, ಮುಚ್ಚಳವಿರುವ ಬೇರೆ ಪುಟ್ಟ ಡಬ್ಬಿಯಲ್ಲೇ ಇಡಬೇಕು. ಉಳಿದ ರೊಟ್ಟಿ ಮುಟ್ಟಿದ ಬೆರಳು ಅದನ್ನು ಮುಟ್ಟಿದರೆ ಪಟ್ಟ ಶ್ರಮವೆಲ್ಲ ದಂಡ, ಆದ್ದರಿಂದ ಆ ಮಗುವಿಗೇ ಮೊದಲು ಕೊಡುವುದು ಸುರಕ್ಷಿತ. ಗೋಧಿಯ ಅಲರ್ಜಿಯೇ ಇದ್ದರೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಸ್ವೀಕರಿಸಬಹುದು. ಆಗ ರೊಟ್ಟಿಯ ಚೂರು ಬೀಳದ ಬೇರೊಂದು ಪಾನಪಾತ್ರೆ ಬೇಕಾಗುತ್ತದೆ. ಎರಡರಲ್ಲಿ ಯಾವ ರೂಪದಲ್ಲಿ ಪಡೆದರೂ ಕ್ರಿಸ್ತರನ್ನು ಪೂರ್ಣವಾಗಿಯೇ ಪಡೆದಂತೆ ಎಂದು ಮಗುವಿಗೂ ಮನೆಯವರಿಗೂ ಮೊದಲೇ ಬಿಡಿಸಿ ಹೇಳಿದರೆ 'ನನಗೆ ಮಾತ್ರ ಏನೋ ಕಡಿಮೆ' ಎಂಬ ಕೊರಗು ಇರುವುದಿಲ್ಲ.

ಪಾಪನಿವೇದನೆ, ಅಂದರೆ ಗುರುಗಳ ಬಳಿ ತಪ್ಪು ಹೇಳಿಕೊಂಡು ಕ್ಷಮೆ ಪಡೆಯುವುದು, ಪರಮಪ್ರಸಾದಕ್ಕೂ ಮೊದಲು ಆಗಬೇಕು, ಸಾಮಾನ್ಯವಾಗಿ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ. ಮಗುವಿಗೆ ಮೂರು ನಿಮಿಷ ಎಂದರೂ ಮೂವತ್ತು ಮಕ್ಕಳಿಗೆ ಒಂದೂವರೆ ಗಂಟೆ. ಒಬ್ಬರೇ ಗುರುಗಳಾದರೆ ಕೊನೆಯ ಮಕ್ಕಳು ಕಾದು ಕಾದು ಹೈರಾಣಾಗುತ್ತಾರೆ. ಮೂವರು ಗುರುಗಳು ಸಿಕ್ಕರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಕುರ್ಚಿಗಳನ್ನು ತೆರೆದ ಜಾಗದಲ್ಲಿ ಹಾಕಬೇಕು. ಟೀಚರ್ ಕಣ್ಣಿಗೆ ಮಗು ಕಾಣಬೇಕು, ಕಿವಿಗೆ ಮಾತು ಬೀಳಬಾರದು. ಮಕ್ಕಳನ್ನು ಕಾಡುವ ಭಯ ಒಂದೇ, ಪಶ್ಚಾತ್ತಾಪದ ಜಪ ಮಧ್ಯದಲ್ಲಿ ಮರೆತುಹೋದರೆ? ದಪ್ಪಕ್ಷರದಲ್ಲಿ ಬರೆದ ಕಾರ್ಡನ್ನು ಕುರ್ಚಿಯ ಮೇಲೇ ಇಟ್ಟುಬಿಟ್ಟರೆ ಆ ಭಯ ಮುಗಿಯಿತು. ಪಾಪಗಳ ಪಟ್ಟಿ ಬರೆಸುವುದು ಬೇಡ. ಪಕ್ಕದವನ ಪಟ್ಟಿ ನೋಡಿ ಬರೆದುಕೊಳ್ಳುತ್ತಾರೆ, ಆ ಚೀಟಿ ಮತ್ತೆ ಎಲ್ಲೋ ಬಿದ್ದು ಯಾರಿಗೋ ಸಿಗುತ್ತದೆ. ಮನೆಯವರಿಗೆ ಖಡಾಖಂಡಿತವಾಗಿ ಹೇಳಬೇಕಾದ ಮಾತೆಂದರೆ, "ಫಾದರ್ ಹತ್ತಿರ ಏನು ಹೇಳಿದೆ?" ಎಂದು ಯಾವತ್ತೂ ಕೇಳಬೇಡಿ. ಗುರುಗಳು ಆ ಗುಟ್ಟನ್ನು ಯಾವ ಕಾರಣಕ್ಕೂ ಒಡೆಯುವಂತಿಲ್ಲ. ತಮಾಷೆಗೆ ಕೇಳಿದರೂ ಮಗುವಿನ ನಂಬಿಕೆ ಮುರಿಯುತ್ತದೆ.

ಪಾಠ ಎಷ್ಟು ಬರಬೇಕು ಎಂಬ ಚರ್ಚೆ ಪ್ರತಿ ವರ್ಷ ಏಳುತ್ತದೆ. 1910ರ ಆಗಸ್ಟ್ 8ರ ಆಜ್ಞೆಯಲ್ಲಿ ಪೋಪ್ ಹತ್ತನೇ ಪಿಯುಸ್ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಅದಕ್ಕೂ ಮೊದಲು ಎಷ್ಟೋ ಕಡೆ ಮಕ್ಕಳು ಹತ್ತು, ಹನ್ನೆರಡು, ಹದಿನಾಲ್ಕು ವರ್ಷದವರೆಗೂ ಕಾಯಬೇಕಿತ್ತು. ಅವರು ವಯಸ್ಸನ್ನು ಸುಮಾರು ಏಳಕ್ಕೆ ಇಳಿಸಿದರು, ಧರ್ಮೋಪದೇಶದ ಪೂರ್ಣ ಜ್ಞಾನ ಬೇಕಿಲ್ಲ, ಪರಮಪ್ರಸಾದದ ರೊಟ್ಟಿಗೂ ಮಾಮೂಲಿ ರೊಟ್ಟಿಗೂ ಇರುವ ವ್ಯತ್ಯಾಸ ಮಗುವಿಗೆ ತಿಳಿದಿರಬೇಕು ಎಂದರು. ಬುದ್ಧಿ ಬೆಳವಣಿಗೆ ನಿಧಾನವಾಗಿರುವ, ಮಾತೇ ಆಡದ ಮಗುವಿನ ವಿಷಯದಲ್ಲಿ ಇದನ್ನು ನೆನಪಿಡಬೇಕು. ಬಲಿಪೀಠದ ಮುಂದೆ ಅದು ಕೈ ಮುಗಿದರೆ, ಸುಮ್ಮನಾದರೆ, ಅಮ್ಮ ಸ್ವೀಕರಿಸುವಾಗ ತನಗೂ ಎಂದು ನೋಡಿದರೆ, ಅದರ ತಿಳಿವಳಿಕೆ ಅಲ್ಲಿದೆ. ಪರೀಕ್ಷೆ ಇಟ್ಟು ಅಂಥ ಮಗುವನ್ನು ಹಿಂದೆ ಉಳಿಸುವುದು ನೋಡಲಾಗದ ಸಂಗತಿ.

ತಾಲೀಮು ಎರಡು ಸಲ, ತಲಾ ಮುಕ್ಕಾಲು ಗಂಟೆ, ಚರ್ಚಿನಲ್ಲೇ ಆಗಬೇಕು. ತರಗತಿಯಲ್ಲಿ ಮಾಡಿದ ತಾಲೀಮು ಚರ್ಚಿನ ಮೆಟ್ಟಿಲು ಕಂಡಕೂಡಲೇ ಮರೆತುಹೋಗುತ್ತದೆ. ಅರ್ಪಿಸದ ರೊಟ್ಟಿಯಿಂದ ಅಭ್ಯಾಸ ಮಾಡಿಸಬೇಕು, ಅದು ಅಭ್ಯಾಸದ್ದು ಎಂದು ಎರಡೆರಡು ಸಲ ಹೇಳಿಯೇ. ಬಲಗೈ ಬಳಸುವ ಮಗು ಎಡಗೈಯನ್ನು ಮೇಲಿಟ್ಟು, ಬಲಗೈ ಕೆಳಗೆ ಆನಿಸಿ, ಎದೆಯ ಮಟ್ಟಕ್ಕೆ ಚಾಚುತ್ತದೆ. ಎಡಚ ಮಗುವಿಗೆ ಇದರ ತಿರುವು ಮುರುವು. ಅದನ್ನು ತಿದ್ದಲು ಹೋಗಬಾರದು. ತಲೆ ಬಾಗಬೇಕು, "ಕ್ರಿಸ್ತರ ಶರೀರ" ಎಂದಾಗ "ಆಮೆನ್" ಎನ್ನಬೇಕು, ಅಲ್ಲೇ ನಿಂತು ಬಾಯಿಗೆ ಇಟ್ಟುಕೊಂಡು ಆಮೇಲೆ ತಿರುಗಬೇಕು. ಗಾಬರಿಯಲ್ಲಿ ಹಲವರು "ಥ್ಯಾಂಕ್ಯೂ ಫಾದರ್" ಎನ್ನುತ್ತಾರೆ. ಕೆಲವರು ಕೈಯಲ್ಲೇ ಹಿಡಿದು ಅಮ್ಮನ ಹತ್ತಿರ ಓಡುತ್ತಾರೆ. ನಾಲಿಗೆಯ ಮೇಲೆ ಪಡೆಯುವ ಮಗುವಿಗೆ ಬಾಯಿ ಚೆನ್ನಾಗಿ ತೆರೆಯಲು, ಗುರುಗಳ ಕೈ ಹಿಂದೆ ಸರಿಯುವವರೆಗೂ ಮುಚ್ಚದಿರಲು ಹೇಳಿಕೊಡಬೇಕು. ಭಯಕ್ಕೆ ಬಾಯಿ ಒಣಗಿ ರೊಟ್ಟಿ ಅಂಗುಳಕ್ಕೆ ಅಂಟಿಕೊಳ್ಳುವುದು ಸಾಮಾನ್ಯ, ಬೆರಳು ಹಾಕದೆ ಒಂದು ನಿಮಿಷ ಸುಮ್ಮನಿದ್ದರೆ ತಾನೇ ಕರಗುತ್ತದೆ. ಕೆಳಗೆ ಬಿದ್ದರೆ? ಮಗು ಏನೂ ಮಾಡಬೇಕಿಲ್ಲ, ಗುರುಗಳೇ ಎತ್ತಿಕೊಳ್ಳುತ್ತಾರೆ. ಈ ಒಂದು ಮಾತನ್ನು ಮೊದಲೇ ಹೇಳಿರದಿದ್ದರೆ ಆ ಮಗು ದಿನವಿಡೀ ಅಳುತ್ತದೆ.

ಬಟ್ಟೆಯ ವಿಷಯ ಹೇಳಲೇಬೇಕು. ಬಿಳಿ ಬಣ್ಣ ದೀಕ್ಷಾಸ್ನಾನದ ಬಿಳಿ ವಸ್ತ್ರದ ನೆನಪು, ಮೇಣದಬತ್ತಿಯೂ ಹಾಗೆಯೇ. ಆ ನೆನಪು ಹೋಗಿ ಮದುವೆಯ ಪೈಪೋಟಿ ಬಂದಾಗ ಸಾಲ ಮಾಡಿ ಬಟ್ಟೆ ಹೊಲಿಸುವ ಮನೆಗಳಿರುತ್ತವೆ. ಶಾಲೆಯೇ ಮೂರು ಅಳತೆಯಲ್ಲಿ ಸಾದಾ ಬಿಳಿ ನಿಲುವಂಗಿ ಹೊಲಿಸಿಟ್ಟು ಪ್ರತಿ ವರ್ಷ ಕೊಟ್ಟು ವಾಪಸು ಪಡೆಯುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಅಂಚು ಕಾಲಿನ ಗೆಣ್ಣಿಗಿಂತ ನಾಲ್ಕು ಬೆರಳು ಮೇಲಿರಲಿ, ಮೆಟ್ಟಿಲಲ್ಲಿ ಎಡವುವುದಿಲ್ಲ. ಕೈಗವಸು ಬೇಡ, ಅದನ್ನು ಹಾಕಿಕೊಂಡು ಕೈಯಲ್ಲಿ ಸ್ವೀಕರಿಸಲಾಗದು. ತಲೆಯ ತೆಳು ಮುಸುಕು ಮತ್ತು ಉರಿಯುವ ಬತ್ತಿ ಒಟ್ಟಿಗೆ ಇರಲೇಬಾರದು. ಬತ್ತಿ ಹಚ್ಚುವುದಿದ್ದರೆ ನಾಲ್ಕು ಮಕ್ಕಳಿಗೊಬ್ಬ ದೊಡ್ಡವರು ಪಕ್ಕದಲ್ಲಿರಲಿ, ಮಕ್ಕಳು ಮತ್ತೆ ಹೇಳುವ ದೀಕ್ಷಾಸ್ನಾನದ ವಾಗ್ದಾನ ಮುಗಿದ ತಕ್ಷಣ ಆರಿಸಲಿ.

ಉಪವಾಸದ ಗೊಂದಲ ಬೇರೆ. ನಿಯಮ ಇರುವುದು ಪರಮಪ್ರಸಾದ ಸ್ವೀಕರಿಸುವುದಕ್ಕೆ ಒಂದು ಗಂಟೆ ಮೊದಲಿಂದ ಏನೂ ತಿನ್ನಬಾರದು ಎಂದಷ್ಟೇ; ನೀರು, ಔಷಧಿಗೆ ಅಡ್ಡಿಯಿಲ್ಲ. ಹತ್ತರ ಬಲಿಪೂಜೆಯಲ್ಲಿ ಪರಮಪ್ರಸಾದ ಬರುವ ಹೊತ್ತಿಗೆ ಹತ್ತೂಮುಕ್ಕಾಲು. ಒಂಬತ್ತರೊಳಗೆ ಹೊಟ್ಟೆ ತುಂಬ ತಿಂದು ಬರಲಿ. ಭಕ್ತಿಯಿಂದಲೇ ರಾತ್ರಿಯಿಂದ ಉಪವಾಸ ಕೆಡವಿದ ಮಗು ಶುಭಸಂದೇಶದ (ಸುವಾರ್ತೆಯ) ವಾಚನಕ್ಕೆ ಎದ್ದು ನಿಂತಾಗ ಕಣ್ಣು ಕತ್ತಲಿಟ್ಟು ಕುಸಿಯುತ್ತದೆ.

ಇನ್ನು ಮನೆಯೊಳಗಿನ ಸೂಕ್ಷ್ಮಗಳು. ಬೇರೆಯಾಗಿ ಬಾಳುವ ತಂದೆತಾಯಿಗೆ ಒಂದೇ ಬೆಂಚು ಕೊಟ್ಟರೂ ಕಷ್ಟ, ಚರ್ಚಿನ ಎರಡು ಮೂಲೆಗೆ ಹಾಕಿದರೂ ಕಷ್ಟ. ಒಂದರ ಹಿಂದೊಂದು ಬೆಂಚು ಕೊಟ್ಟರೆ ಮಗುವಿಗೆ ಇಬ್ಬರೂ ಕೈಗೆಟಕುತ್ತಾರೆ. ಆದರೆ ಮೊದಲು ಇಬ್ಬರನ್ನೂ ಪ್ರತ್ಯೇಕವಾಗಿ ಕೇಳಬೇಕು. "ಟೀಚರ್, ನಾನು ಕ್ರೈಸ್ತನಲ್ಲ, ಮಗಳ ಜೊತೆ ಮುಂದೆ ಬರಬಹುದಾ?" ಎಂದು ಕೇಳುವ ತಂದೆ ಬಹಳ ದಿನ ಸಂಕೋಚಪಟ್ಟು ಕೇಳಿರುತ್ತಾರೆ. "ಖಂಡಿತ ಬನ್ನಿ, ಎದೆಯ ಮೇಲೆ ಕೈ ಕಟ್ಟಿಕೊಳ್ಳಿ, ಗುರುಗಳು ಆಶೀರ್ವಾದ ಕೊಡುತ್ತಾರೆ" ಎನ್ನಬಹುದು, ಗುರುಗಳಿಗೆ ಅದನ್ನು ಮುಂಚೆಯೇ ತಿಳಿಸಿದ್ದರೆ. ಮನೆಯಿಂದ ಯಾರೂ ಬರಲಾಗದ ಮಗುವಿನ ಬೆಂಚಿನಲ್ಲಿ ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊತ್ತ ಜ್ಞಾನ ತಂದೆತಾಯಿಯೋ, ಆ ಮಗು ತಾನೇ ಆರಿಸಿದ ಟೀಚರೋ ಕೂರಬೇಕು. ತರಗತಿಯ ಬೇರೆ ಧರ್ಮದ ಮಕ್ಕಳು ಬಯಸಿದರೆ, ಮನೆಯವರು ಒಪ್ಪಿದರೆ, ಹಾಡಿನ ತಂಡದಲ್ಲಿ ನಿಲ್ಲಲಿ, ಬಾಗಿಲಲ್ಲಿ ಸ್ವಾಗತಿಸಲಿ. ಒತ್ತಾಯ ಮಾತ್ರ ಎಂದೂ ಕೂಡದು.

ಬಲಿಪೂಜೆಯೊಳಗೆ ಮಕ್ಕಳಿಗೆ ಎಷ್ಟು ಜಾಗವಿದೆ ಎಂಬುದನ್ನು 1973ರ ನವೆಂಬರ್ 1ರಂದು ಹೊರಟ, ಮಕ್ಕಳೊಂದಿಗಿನ ಬಲಿಪೂಜೆಯ ಮಾರ್ಗದರ್ಶಿ ತಿಳಿಸುತ್ತದೆ. ಬೈಬಲ್ ವಾಚನಗಳನ್ನು ಕಡಿಮೆ ಮಾಡಬಹುದು, ಶುಭಸಂದೇಶವನ್ನು ಮಾತ್ರ ಬಿಡುವಂತಿಲ್ಲ. ಪ್ರಬೋಧನೆಯನ್ನು, ಅಂದರೆ ಗುರುಗಳ ಪ್ರವಚನವನ್ನು, ಮಕ್ಕಳ ಜೊತೆ ಮಾತುಕತೆಯಾಗಿಯೂ ಮಾಡಬಹುದು. ವಿಶ್ವಾಸಿಗಳ ಪ್ರಾರ್ಥನೆಯನ್ನು ಮಕ್ಕಳೇ ಬರೆಯಲಿ, ಒಬ್ಬರಿಗೆ ಎರಡು ವಾಕ್ಯ ಸಾಕು. 'ಆಸ್ಪತ್ರೆಯಲ್ಲಿರುವ ನನ್ನ ಅಜ್ಜಿಗಾಗಿ' ಎಂದು ಮಗು ಓದಿದಾಗ ಇಡೀ ಚರ್ಚು ನಿಜವಾಗಿ ಪ್ರಾರ್ಥಿಸುತ್ತದೆ. ಓದುವ ಪೀಠದ ಹಿಂದೆ ಗಟ್ಟಿ ಪೆಟ್ಟಿಗೆಯೊಂದು ಇರಲಿ, ಮೈಕು ಬಾಯಿಂದ ಒಂದು ಗೇಣು ದೂರ.

ಪರಮಪ್ರಸಾದ ಮುಗಿದ ಮೇಲಿನ ಮೂರು ನಿಮಿಷವನ್ನು ಕಾಪಾಡಿಕೊಳ್ಳಬೇಕು. ಅಲ್ಲೇ ಅಭಿನಯದ ಹಾಡು, ವಂದನಾರ್ಪಣೆ, ಪ್ರಮಾಣಪತ್ರ ವಿತರಣೆ ಎಲ್ಲ ತುರುಕುತ್ತಾರೆ. ಅವೆಲ್ಲ ಹೊರಗೆ, ಸಭಾಂಗಣದಲ್ಲಿ ಆಗಲಿ. ಫೋಟೋ ತೆಗೆಯಲು ಒಬ್ಬರೇ ಸಾಕು, ಅವರೂ ಮಗುವಿಗೂ ಗುರುಗಳಿಗೂ ನಡುವೆ ಬರಬಾರದು, ಆ ಮೂರು ನಿಮಿಷ ಕ್ಯಾಮೆರಾ ಕೆಳಗಿಡಬೇಕು. ಮಗು ಕಣ್ಣು ಮುಚ್ಚಿ ಅಮ್ಮನ ತೋಳಿಗೆ ಒರಗಿ ಕೂತಿರುವ ಹೊತ್ತು ಅದು.

ಪ್ರತಿ ವರ್ಷ ಒಂದಾದರೂ ಮಗುವಿಗೆ ಅವತ್ತೇ ಜ್ವರ ಬರುತ್ತದೆ. ಹೊದ್ದಿಸಿ ಎತ್ತಿಕೊಂಡು ಬರುವುದು ಬೇಡ. ಮುಂದಿನ ಭಾನುವಾರದ ಬಲಿಪೂಜೆಗೆ ಬರಲು ಹೇಳಿ, ಅದೇ ನಿಲುವಂಗಿ ಇಸ್ತ್ರಿ ಮಾಡಿ ಕಳಿಸಬೇಕು, ತರಗತಿಯ ಉಳಿದ ಮಕ್ಕಳ ಮನೆಗಳಿಗೂ ಸುದ್ದಿ ಮುಟ್ಟಿಸಬೇಕು. ಬಂದ ಮಕ್ಕಳಲ್ಲಿ ಇಬ್ಬರು ರೊಟ್ಟಿ, ದ್ರಾಕ್ಷಾರಸದ ಕಾಣಿಕೆ ಹೊತ್ತು ಬಲಿಪೀಠಕ್ಕೆ ತರಲಿ. ಉಳಿದವರು ಅವರವರ ಅಪ್ಪ ಅಮ್ಮನ ಜೊತೆ ತಮ್ಮ ಎರಡನೇ ಪರಮಪ್ರಸಾದಕ್ಕೆ ಆ ಮಗುವಿನ ಹಿಂದೆ ಸಾಲು ನಿಲ್ಲಲಿ.