ಅಷ್ಟೂರಿನಲ್ಲಿ ಸಿಕ್ಕ ಬಿಸಿಲು

ನಮ್ಮ ಬೀದರ್ ಕಡೆ ಬಿಸಿಲನ್ನು ಬೈಯದವರಿಲ್ಲ. ಜಲವರ್ಣದ ಚಿತ್ರ ಬಿಡಿಸುವ ನಾನೂ ಬೇಸಿಗೆ ಬಂತು ಅಂದ್ರೆ ಮನೆಯೊಳಗೆ ಕೂತು, ಫೋಟೊ ನೋಡಿ ಬಿಡಿಸುತ್ತಿದ್ದೆ. ಆ ರೂಢಿ ಬಿಡಿಸಿದ್ದು ಅಷ್ಟೂರು.

ಬೀದರಿನಿಂದ ಸ್ವಲ್ಪ ದೂರದಲ್ಲೇ ಇರುವ ಈ ಹಳ್ಳಿಯಲ್ಲಿ ಬಹಮನಿ ಸುಲ್ತಾನರ ಗೋರಿಗಳ ಮೇಲೆ ಕಟ್ಟಿದ ಗುಮ್ಮಟಗಳ ಸಾಲಿದೆ. ಮಾರ್ಚ್ ಕೊನೆಯ ಒಂದು ಬೆಳಗ್ಗೆ ಅಹ್ಮದ್ ಶಾ ವಲಿಯ ಗುಮ್ಮಟದೊಳಗೆ ಹೋದೆ. ಹಿಂದೂಗಳು, ಮುಸ್ಲಿಮರು ಇಬ್ಬರೂ ನಡೆದುಕೊಳ್ಳುವ ಜಾಗ ಅದು. ಒಳಗೆ ಬರೀ ಕತ್ತಲೆ. ಅಲ್ಲಿದ್ದ ಕಾಕಾ ಒಬ್ಬರು ಕನ್ನಡಿ ಹಿಡಿದು ಬಾಗಿಲ ಹತ್ತಿರ ಬಿಸಿಲಿಗೆ ನಿಂತರು. "ಈಗ ಮ್ಯಾಲ ನೋಡ್ರಿ" ಅಂದರು.

ಬಿಸಿಲಿನ ತುಂಡೊಂದು ಛಾವಣಿಗೆ ಹಾರಿತು. ಕುಂಕುಮದಂಥ ಕೆಂಪು, ಬಂಗಾರದ ಗೆರೆ, ಬಳ್ಳಿ, ಹೂವು, ಅಕ್ಷರ. ಸುಲ್ತಾನ ತೀರಿಕೊಂಡಿದ್ದು 1436ರಲ್ಲಿ. ಬಣ್ಣ ಇನ್ನೂ ಹಸಿಯಾಗಿದೆ ಅನಿಸಿತು. ಕಾಕಾ ಕೈ ಅಲುಗಿದಂತೆ ಬೆಳಕೂ ಸರಿಯಿತು. ಅದು ಬಿದ್ದಲ್ಲಿ ಹೂವು ಅರಳುತ್ತಿತ್ತು, ಸರಿದ ಕೂಡಲೇ ಮಾಯ. ಕತ್ತು ನೋಯುವವರೆಗೂ ನೋಡಿದೆ.

ಹೊರಗೆ ಬಂದ ಮೇಲೆ ಕಣ್ಣು ಬೆಳಕನ್ನೇ ಹುಡುಕುತ್ತಿತ್ತು. ಸಿಡಿಲು ಬಡಿದು ಅರ್ಧ ಒಡೆದ, ಬಹಮನಿ ಸುಲ್ತಾನ ಹುಮಾಯೂನನ ಗುಮ್ಮಟ ಎದುರಿಗೇ ಇತ್ತು. ಫೋಟೊದಲ್ಲಿ ಅದರ ಕಮಾನಿನ ನೆರಳು ಬರೀ ಕಪ್ಪು. ಎದುರು ನಿಂತು ನೋಡಿದರೆ ಕಪ್ಪೇ ಇಲ್ಲ! ಮೇಲ್ಭಾಗದಲ್ಲಿ ಆಕಾಶದ ನೀಲಿ, ಕೆಳಗೆ ನಮ್ಮ ಕೆಂಪು ಮಣ್ಣಿಗೆ ತಾಗಿ ವಾಪಸ್ ಎದ್ದ ತೆಳು ಕೆಂಪು. ಬದುವಿನಲ್ಲಿ ಎಲೆ ಉದುರಿಸಿ ನಿಂತ ಮುತ್ತುಗದ ಮರವೂ ಹಾಗೇ. ಬಿಸಿಲು ಬೆನ್ನಿಗಿಟ್ಟು ನೋಡಿದಾಗ ಹೂವು ಸುಮ್ನೆ ಕೇಸರಿ. ಮರದ ಆ ಬದಿಗೆ ಹೋಗಿ ಸೂರ್ಯನ ಎದುರು ನೋಡಿದರೆ ಒಂದೊಂದು ಎಸಳಿಗೂ ಬೆಂಕಿ. ಎಂಥ ಚೆಲುವು!

ಬೆಳ್ಳಿ ಕುಸುರಿಯ ನಮ್ಮ ಬಿದರಿ ಪಾತ್ರೆಗೆ ಕಪ್ಪು ಬರಬೇಕಾದರೆ ಬಿಸಿಲು, ಮಳೆ ಕಾಣದ ಕೋಟೆಯ ಹಳೇ ಮಣ್ಣು ಬೇಕು ಅಂತಾರೆ ಕೆಲಸಗಾರರು. ಬಿಸಿಲು ಬೀಳದ ಮಣ್ಣಿಂದ ಅವರಿಗೆ ಕಪ್ಪು, ಬಿಸಿಲು ಬಿದ್ದ ಮಣ್ಣಿಂದ ನನಗೆ ನೆರಳಿನ ಬಣ್ಣ. ಈ ನೆಲದ ಮೇಲೆ ನನಗೆ ಪ್ರೀತಿ ಜಾಸ್ತಿಯಾಗಿದ್ದು ಅದಕ್ಕೇ.

ಈಗ ಕಪ್ಪು ಬಣ್ಣದ ಟ್ಯೂಬ್ ಮುಟ್ಟುವುದಿಲ್ಲ. ನೆರಳಿಗೆ ನೀಲಿಯ ಜೊತೆ ಇಟ್ಟಿಗೆ ಕೆಂಪು ಬೆರೆಸುತ್ತೇನೆ. ಬಿಸಿಲಿಗೆ ಕಾಗದದ ಬಿಳುಪನ್ನೇ ಬಿಟ್ಟುಬಿಡುತ್ತೇನೆ. ಹೊತ್ತೇರಿದರೆ ಕುಂಚದಲ್ಲೇ ಬಣ್ಣ ಒಣಗುತ್ತದೆ, ಅದಕ್ಕೆ ಬೆಳಗಾಗುತ್ತಲೇ ಹೊರಡುತ್ತೇನೆ. ಅದೇ ಒಡೆದ ಗುಮ್ಮಟವನ್ನು ಸಂಜೆ ಬಿಸಿಲಲ್ಲಿ ಬಿಡಿಸುವುದು ಇನ್ನೂ ಬಾಕಿ ಇದೆ.