ಲಿವಿಂಗ್‌ಸ್ಟನ್ ಡೇಟಾದ ಆ ಒಂದು ಗ್ಲಿಚ್

ರಾಯಚೂರು, 17 ಆಗಸ್ಟ್ 2025, ರವಿವಾರ

ಇವತ್ತಿಗೆ ಎಂಟು ವರ್ಷ. 2017ರ ಇದೇ ದಿನ ಸಂಜೆ, ನಮ್ಮ ಗಡಿಯಾರದಲ್ಲಿ 6 ಗಂಟೆ 11 ನಿಮಿಷ 4 ಸೆಕೆಂಡಿಗೆ, ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಾದ ಸುದ್ದಿ ಗುರುತ್ವದ ಅಲೆಯಾಗಿ ಭೂಮಿಯನ್ನು ಹಾದುಹೋಯಿತು. 1.7 ಸೆಕೆಂಡ್ ಆದಮೇಲೆ ಫರ್ಮಿ ಉಪಗ್ರಹಕ್ಕೆ ಗಾಮಾ ಕಿರಣಗಳು ಸಿಕ್ಕವು. ಗುರುತ್ವದ ಅಲೆ ಹಿಡಿಯುವ ಅಮೆರಿಕದ ಲೈಗೋ ಡಿಟೆಕ್ಟರುಗಳ (ಒಂದು ಲಿವಿಂಗ್‌ಸ್ಟನ್‌ನಲ್ಲಿ, ಇನ್ನೊಂದು ಹ್ಯಾನ್‌ಫೋರ್ಡಿನಲ್ಲಿ) ಆ ಡೇಟಾ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಇವತ್ತು ಅದನ್ನು ಸಾಧಾರಣ ಕಂಪ್ಯೂಟರಿನಲ್ಲಿ ಮೊದಲಿಂದ ಕೊನೆವರೆಗೆ ಓಡಿಸಿದ್ದರ ಟಿಪ್ಪಣಿ ಇದು. ಎಂಎಸ್ಸಿ ಮಾಡುವವರಿಗೆ ಉಪಯೋಗಕ್ಕೆ ಬರಲಿ.

4096 ಹರ್ಟ್ಜ್ ಫೈಲ್, ಅಂದರೆ ಸೆಕೆಂಡಿಗೆ 4096 ಅಳತೆ ಇರುವುದು, ಸಾಕು. 2048 ಸೆಕೆಂಡಿನ ಡೇಟಾ ಮೆಮೊರಿಯಲ್ಲಿ ಸುಮಾರು 67 ಎಂಬಿ ಹಿಡಿಯುತ್ತದೆ. 16384ರ ಫೈಲ್ ಇಳಿಸಿದರೆ ಅದರ ನಾಲ್ಕರಷ್ಟು ಹೊರೆ, ಈ ಕೆಲಸಕ್ಕೆ ಲಾಭವಿಲ್ಲ. ಸಮಯ ಜಿಪಿಎಸ್ ಲೆಕ್ಕದಲ್ಲಿರುತ್ತದೆ: 1187008882. ಇದನ್ನು ಕೈಯಲ್ಲಿ ಲೆಕ್ಕ ಹಾಕುವವರು ಲೀಪ್ ಸೆಕೆಂಡು (ನಮ್ಮ ಗಡಿಯಾರಕ್ಕೆ ಆಗಾಗ ಸೇರಿಸಿದ, ಜಿಪಿಎಸ್ ಲೆಕ್ಕಕ್ಕೆ ಸೇರದ ಸೆಕೆಂಡು) ಮರೆತು 18 ಸೆಕೆಂಡ್ ತಪ್ಪಿದ ಜಾಗದಲ್ಲಿ ಹುಡುಕುತ್ತ ಕೂಡುತ್ತಾರೆ.

ಲಿವಿಂಗ್‌ಸ್ಟನ್ ಫೈಲ್ ಎರಡು ಬಗೆಯಲ್ಲಿದೆ: ಗ್ಲಿಚ್ (ಉಪಕರಣದಲ್ಲೇ ಹುಟ್ಟುವ ಕ್ಷಣಿಕ ಗದ್ದಲ) ಇದ್ದದ್ದು, ಗ್ಲಿಚ್ ತೆಗೆದದ್ದು. ಕಲಿಯುವವರು ಮೊದಲನೆಯದನ್ನೇ ತಗೊಳ್ಳಬೇಕು. ಶುದ್ಧ ಮಾಡಿಟ್ಟ ಫೈಲಿನಿಂದ ಚಂದದ ಚಿತ್ರ ಬರುತ್ತದೆ, ಆದರೆ ಆವತ್ತು ಆದ ತೊಡಕು ಏನೆಂದು ತಿಳಿಯುವುದಿಲ್ಲ. ಎರಡೂ ನಕ್ಷತ್ರ ಕೂಡುವುದಕ್ಕೆ ಬರೀ 1.1 ಸೆಕೆಂಡ್ ಮೊದಲು, ಕನ್ನಡಿಯನ್ನು ಹಿಡಿದಿಡುವ ನಿಯಂತ್ರಣದ ಡಿಜಿಟಲ್-ಅನಲಾಗ್ ಪರಿವರ್ತಕ 5 ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ತನ್ನ ಮಿತಿ ಮುಟ್ಟಿತು. ಇಂಥವು ಕೆಲವು ಗಂಟೆಗೊಮ್ಮೆ ಬರುತ್ತಲೇ ಇರುತ್ತವೆ. ಆದರೆ ಈ ಒಂದರಿಂದಾಗಿ ತಕ್ಷಣದ ಹುಡುಕಾಟದಲ್ಲಿ ಹ್ಯಾನ್‌ಫೋರ್ಡ್ ಒಂದರದ್ದೇ ಸೂಚನೆ ಎದ್ದಿತು. ನಿಜದಲ್ಲಿ ಲಿವಿಂಗ್‌ಸ್ಟನ್‌ನಲ್ಲೇ ಸಂಕೇತ ಜೋರಾಗಿತ್ತು: ಅಲ್ಲಿ ಗದ್ದಲಕ್ಕಿಂತ 26.4 ಪಟ್ಟು, ಹ್ಯಾನ್‌ಫೋರ್ಡಿನಲ್ಲಿ 18.8.

ಗ್ಲಿಚ್ ಇದ್ದ ಜಾಗವನ್ನು ಸೊನ್ನೆ ಮಾಡಿದರಾಯಿತು. ಆದರೆ ಕತ್ತರಿಯಲ್ಲಿ ಕತ್ತರಿಸಿದಂತೆ ಒಮ್ಮೆಲೇ ಸೊನ್ನೆಗಿಳಿಸಿದರೆ ಆ ಚೂಪು ಅಂಚೇ ಎಲ್ಲ ಆವರ್ತನಗಳಿಗೂ ಚೆಲ್ಲಿ ಹೊಸ ಗ್ಲಿಚ್ ಆಗುತ್ತದೆ. ಎರಡೂ ಕಡೆ ನಿಧಾನ ಇಳಿಜಾರು ಕೊಡಬೇಕು. ಟ್ಯೂಕಿ ವಿಂಡೋವನ್ನು (ನಡುವೆ ಒಂದು, ಎರಡೂ ತುದಿಯಲ್ಲಿ ಮೆಲ್ಲಗೆ ಸೊನ್ನೆಗಿಳಿಯುವ ವಕ್ರರೇಖೆ) ತಲೆಕೆಳಗು ಮಾಡಿ ಗುಣಿಸಿದರೆ ಅದೇ ಆಗುತ್ತದೆ. ಗದ್ದಲದ ಮಟ್ಟ ಅಳೆಯುವಾಗ ಸರಾಸರಿ ಬೇಡ, ಮಧ್ಯಾಂಕ ಬಳಸಿ. ಸರಾಸರಿಯನ್ನು ಒಂದೇ ಗ್ಲಿಚ್ ಮೇಲಕ್ಕೆತ್ತಿಬಿಡುತ್ತದೆ, ಆಮೇಲೆ ಸಂಕೇತ ಅದರಡಿ ಮುಚ್ಚಿಹೋಗುತ್ತದೆ.

ಯಾವ ಹೊತ್ತಿಗೆ ಯಾವ ಆವರ್ತನ ಎಷ್ಟು ಜೋರು ಎಂದು ಚಿತ್ರದಲ್ಲಿ ತೋರಿಸುವ ಕ್ಯೂ-ಟ್ರಾನ್ಸ್‌ಫಾರ್ಮ್‌ಗೆ ಆವರ್ತನ 30ರಿಂದ 500, ಕ್ಯೂ (ಒಂದು ತುಣುಕಿನಲ್ಲಿ ಎಷ್ಟು ಅಲೆ ಹಿಡಿಸುತ್ತವೆ ಎಂಬುದರ ಅಳತೆ) 100ರಿಂದ 110 ಕೊಟ್ಟೆವು. ಕಪ್ಪುಕುಳಿಗಳ ಡಿಕ್ಕಿಗೆ ಒಗ್ಗುವ ಸಣ್ಣ ಕ್ಯೂ ಇಲ್ಲಿ ಹೊಂದುವುದಿಲ್ಲ, ಚಿತ್ರದಲ್ಲಿ ಸಂಕೇತದ ಗೆರೆ ಅಲ್ಲಲ್ಲಿ ಹರಿದ ದಾರದಂತೆ ಕಾಣುತ್ತದೆ. ಸರಿಯಾಗಿ ಕೊಟ್ಟಾಗ ಗೆರೆ ಬಹಳ ಹೊತ್ತು ನೆಲ ಹಿಡಿದು ಮಲಗಿ, ಕೊನೆಗೆ ಕುಡುಗೋಲಿನಂತೆ ಬಾಗಿ ಏಳುತ್ತದೆ. ಕೊನೆಗೆ 100 ಸೆಕೆಂಡ್ ಇರುವಾಗ ಸುಮಾರು 24 ಹರ್ಟ್ಜ್, 10 ಸೆಕೆಂಡ್ ಇರುವಾಗ 57, ಗ್ಲಿಚ್ ಬಡಿದ ಕ್ಷಣದಲ್ಲಿ 130. ಈ ಬಾಗುವ ವೇಗವೊಂದರಿಂದಲೇ ಚಿರ್ಪ್ ದ್ರವ್ಯರಾಶಿ (ಎರಡೂ ನಕ್ಷತ್ರಗಳ ದ್ರವ್ಯರಾಶಿಗಳಿಂದ ಬರುವ ಒಂದು ಸಂಖ್ಯೆ) ಸಿಗುತ್ತದೆ: 1.198 ಸೂರ್ಯರಷ್ಟು. ಬೇರೆ ಯಾವ ಅಳತೆಯೂ ಈ ಘಟನೆಯಲ್ಲಿ ಇಷ್ಟು ಬಿಗಿಯಾಗಿ ಬಂದಿಲ್ಲ.

ವಿದ್ಯುತ್ ಪೂರೈಕೆಯಿಂದ ಡೇಟಾದಲ್ಲಿ ಮೂಡುವ ಕರೆಂಟಿನ ಗೆರೆ ತೆಗೆಯುವಾಗ ಒಂದು ಎಚ್ಚರ. ಶಕ್ತಿನಗರದಿಂದ ನಮಗೆ ಬರುವ ಕರೆಂಟು 50 ಹರ್ಟ್ಜ್, ಆ ರೂಢಿಯಲ್ಲೇ ಫಿಲ್ಟರ್ 50ಕ್ಕೆ ಇಡುತ್ತೇವೆ. ಅಮೆರಿಕದ ಎರಡೂ ಡಿಟೆಕ್ಟರುಗಳಿಗೆ ಅದು 60. ಇಟಲಿಯ ವಿರ್ಗೋ ಡಿಟೆಕ್ಟರಿಗೆ ನಮ್ಮಂತೆ 50. ಹಿಂಗೋಲಿ ಜಿಲ್ಲೆಯ ಔಂಢಾದಲ್ಲಿ ಬರಲಿರುವ ಲೈಗೋ-ಇಂಡಿಯಾಗೂ ಅದೇ.

ವಿರ್ಗೋದ ಚಿತ್ರದಲ್ಲಿ ಏನೂ ಕಾಣಲಿಲ್ಲವೆಂದು ಫೈಲ್ ಮುಚ್ಚಬೇಡಿ. ಅಲ್ಲಿ ಸಂಕೇತ ಗದ್ದಲದ 2 ಪಟ್ಟು ಮಾತ್ರ, ಏಕೆಂದರೆ ಮೂಲ ಅದರ ಕುರುಡು ಮೂಲೆಯ ಹತ್ತಿರವಿತ್ತು. ಆ ಮೌನವೇ ದಿಕ್ಕು ಹೇಳಿತು: 190 ಚದರ ಡಿಗ್ರಿ ಇದ್ದ ಹುಡುಕಾಟದ ಆಕಾಶ 31ಕ್ಕೆ ಇಳಿಯಿತು. ಹನ್ನೊಂದು ಗಂಟೆಯೊಳಗೆ ಚಿಲಿಯ ಸ್ವೋಪ್ ದೂರದರ್ಶಕ ಎನ್‌ಜಿಸಿ 4993 ಗ್ಯಾಲಕ್ಸಿಯಲ್ಲಿ ಹೊಸ ಬೆಳಕು ಕಂಡಿತು, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ.

ಮಘಾ ಮಳೆಯ ದಿನಗಳಿವು, ಮೋಡ ಬಿಟ್ಟರೆ ಸೂರ್ಯ ಮುಳುಗಿದ ಮೇಲೆ ನೈಋತ್ಯಕ್ಕೆ ನೋಡಿ. ಚಿತ್ತಾ ನಕ್ಷತ್ರದ ಕೆಳಗೆ, ಕೈ ಚಾಚಿ ಹಿಡಿದ ಮುಷ್ಟಿಗಿಂತ ತುಸು ಹೆಚ್ಚು ದೂರದಲ್ಲಿ ಆ ಗ್ಯಾಲಕ್ಸಿ ಇದೆ. ಬರಿಗಣ್ಣಿಗೆ ಕಾಣದು. ಕತ್ತಲಾಗುವ ಹೊತ್ತಿಗೆ ದಿಗಂತದಿಂದ 30 ಡಿಗ್ರಿಗೂ ಕೆಳಗಿಳಿದಿರುತ್ತದೆ, ಆದ್ದರಿಂದ ತಡಮಾಡಬೇಡಿ.

ನಾಳೆ 2019ರ ಏಪ್ರಿಲ್ 25ರ ಡೇಟಾ, ಇಂಥದ್ದೇ ಇನ್ನೊಂದು ಜೋಡಿ ಒಂದಾದದ್ದು. ಆವತ್ತು ಹ್ಯಾನ್‌ಫೋರ್ಡ್ ಬಂದ್ ಇತ್ತು.